ಓದದೇ ಉಳಿದ ಮೂರನೇ ಓಲೆ

ಹನ್ನೆರಡು ವರ್ಷ ಕವಿತೆ ಬರೆದೆ. ಯಾರ ಮನೆಯಲ್ಲೂ ಒಂದು ಲೋಟ ಅಲುಗಲಿಲ್ಲ. ಆಮೇಲೆ ಒಂದು ಕಥೆ ಬರೆದೆ. ನಮ್ಮಮ್ಮ ಉಣ್ಣುತ್ತಿದ್ದ ತಟ್ಟೆ ಬಿಟ್ಟು ಎದ್ದುಹೋದಳು.

ಇದೆಲ್ಲ ಈಗ ಯಾಕೆ ನೆನಪಾಯಿತು ಅಂದರೆ, ಕಳೆದ ಶನಿವಾರ ರಂಗಣ್ಣ ಜಯನಗರದ ನಮ್ಮ ಮನೆಗೆ ಬಂದಿದ್ದರು. ಬನಶಂಕರಿ ಎರಡನೇ ಸ್ಟೇಜಿನಲ್ಲಿ ಪ್ರೆಸ್ ಇಟ್ಟಿದ್ದಾರೆ. ನನ್ನ ಮೊದಲ ಕಥಾಸಂಕಲನ ಅಚ್ಚು ಹಾಕುತ್ತಿರುವ ಪುಣ್ಯಾತ್ಮರು ಇವರೇ. ಕಂಕುಳಲ್ಲಿ ಪ್ರೂಫಿನ ಕಟ್ಟು, ಮುಖದ ತುಂಬ ಸಿಟ್ಟು.

“ಏನ್ ಮೇಷ್ಟ್ರೇ, ‘ಮೂರನೇ ಓಲೆ’ ಕಥೆ ತೆಗೀರಿ ಅಂತ ಚೀಟಿ ಕಳಿಸಿದೀರಿ? ಇಡೀ ಪುಸ್ತಕದಲ್ಲಿ ಕಥೆ ಅನ್ನೋ ಹಂಗಿರೋದು ಅದೊಂದೇ. ಅಚ್ಚಿನ ಮೊಳೆ ಜೋಡ್ಸಿ ಆಗಿದೆ. ಅದನ್ನ ತೆಗೆದ್ರೆ ಇನ್ನೇನು ಉಳೀತು, ಹಿಂದ್ಗಡೆ ನಿಮ್ಮ ಫೋಟೋನಾ?”

(ರಂಗಣ್ಣ ನನ್ನ ಗೆಳೆಯರು. ಶತ್ರುಗಳು ಇಷ್ಟು ನಿಜ ಹೇಳುವುದಿಲ್ಲ.)

“ನಮ್ಮಕ್ಕನ್ನ ಒಂದ್ಮಾತು ಕೇಳಿ ಹೇಳ್ತೀನಿ” ಅಂದೆ.

“ನಿಮ್ಮ ಕಥೆಗೂ ನಿಮ್ಮಕ್ಕಂಗೂ ಏನ್ರೀ ಸಂಬಂಧ?” ಅಂದರು.

ಒಳ್ಳೆಯ ಪ್ರಶ್ನೆ. ಅವರಿಗೆ ಉತ್ತರ ಹೇಳಲಿಲ್ಲ, ಕಾಫಿ ಕೊಟ್ಟು ಕಳಿಸಿದೆ. ನಿಮಗೆ ಹೇಳುತ್ತೇನೆ.

ಮೊದಲು ನಾನು ಕವಿಯಾಗಿದ್ದೆ. ಕ್ರಿಸ್‌ಮಸ್ ಬಂದರೆ ಬಾಲಯೇಸುವಿನ ಗೋದಲಿಯ ಮೇಲೆ ಒಂದು ಪದ್ಯ, ಈಸ್ಟರಿಗೆ ಮುಂಚಿನ ತಪಸ್ಸಿನ ಕಾಲ ಬಂದರೆ ಶಿಲುಬೆಯ ಮೇಲೆ ಒಂದು. ಚರ್ಚಿನ ಪತ್ರಿಕೆಯಲ್ಲಿ ಹೂಬಳ್ಳಿಯ ಚೌಕಟ್ಟು ಹಾಕಿ ಅಚ್ಚು ಮಾಡುತ್ತಿದ್ದರು. ಆಗಾಗ ಬಡಾವಣೆಯ ಕವಿಗೋಷ್ಠಿಗಳಿಗೂ ಕರೆಯುತ್ತಿದ್ದರು. ಅಲ್ಲಿ ನನ್ನ ಪರಿಚಯ ಪ್ರತಿ ಸಲವೂ ಒಂದೇ: “ಇವರು ಕ್ರೈಸ್ತರಾದರೂ ಬಹಳ ಚೆನ್ನಾಗಿ ಕನ್ನಡ ಬರೆಯುತ್ತಾರೆ.” ಜನ ಚಪ್ಪಾಳೆ ತಟ್ಟುತ್ತಿದ್ದರು. ನಾನೂ ಹಲ್ಲುಗಿಂಜಿ ಕೈ ಮುಗಿಯುತ್ತಿದ್ದೆ. ನಮ್ಮಮ್ಮನ ಊರು ಕನಕಪುರ ರಸ್ತೆಯಲ್ಲಿ ಕೋಣನಕುಂಟೆ ದಾಟಿ ಇನ್ನೂ ಎಷ್ಟೋ ಮೈಲಿ ಆಚೆ. ಅವಳಿಗೆ ಕನ್ನಡ ಬಿಟ್ಟರೆ ಇನ್ನೊಂದು ಭಾಷೆ ಗೊತ್ತಿರಲಿಲ್ಲ. ಅಂಥವಳ ಮಗ ಇನ್ಯಾವ ಭಾಷೆಯಲ್ಲಿ ಬರೆಯಬೇಕಿತ್ತು ಸ್ವಾಮಿ?

ಅಮ್ಮನಿಗೆ ಓದು ಬರುತ್ತಿರಲಿಲ್ಲ. ಅದಕ್ಕೇ ನಮ್ಮ ಮನೆಯಲ್ಲಿ ಒಂದು ಪದ್ಧತಿ. ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿಸಿ ಬಂದು ಮಟನ್ ಸಾರಿನ ಊಟ. ನಮಗೆಲ್ಲ ಬಡಿಸಿ ಅಮ್ಮ ಕೊನೆಗೆ ತಟ್ಟೆ ಹಾಕಿಕೊಂಡು ಕೂರುವಳು. ಅವಳು ಉಣ್ಣುವಾಗ ಎದುರಿಗೆ ಕೂತು ತೆರೇಸಕ್ಕ ನನ್ನ ಹೊಸ ಪದ್ಯ ಗಟ್ಟಿಯಾಗಿ ಓದುವಳು. ಅಕ್ಕ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ದಿನವಿಡೀ ಟ್ರಂಕ್ ಕಾಲ್ ಜೋಡಿಸಿ ಜೋಡಿಸಿ ಅವಳ ದನಿಗೆ ಒಂದು ನಯ ಬಂದಿತ್ತು. ನನ್ನ ಸಾಧಾರಣ ಪದ್ಯವೂ ಅವಳ ಬಾಯಲ್ಲಿ ಸಖತ್ತಾಗಿ ಕೇಳುತ್ತಿತ್ತು.

“ಚೆಂದಾಗೈತೆ ಕಣಪ್ಪ, ಜಪ ಮಾಡ್ದಂಗೈತೆ” ಅನ್ನುತ್ತಿದ್ದಳು ಅಮ್ಮ. ಪ್ರತಿ ಸಲವೂ ಅಷ್ಟೇ. ಆಮೇಲೆ ಇನ್ನೊಂದು ತುತ್ತು ಕಲಸುತ್ತಿದ್ದಳು.

ನನಗೋ ಹೊಟ್ಟೆ ತುಂಬಲಿಲ್ಲ. ಜಪದಂತಿದೆ ಎನ್ನಿಸಿಕೊಂಡು ಎಷ್ಟು ದಿನ ಬದುಕುವುದು? ಕಥೆ ಬರೆಯಬೇಕು ಅನ್ನಿಸಿತು. ಬರೆದೆ. ಸಾವಿತ್ರಿ, ರಾಮು, ಶಾಮಣ್ಣ ಅಂತೆಲ್ಲ ಹೆಸರಿಟ್ಟು ಬರೆದೆ. ಫಿಲೋಮಿನಾ ಅಂತ ಬರೆದರೆ ಯಾರು ಓದುತ್ತಾರೆ ಎಂಬ ಹೆದರಿಕೆ. ಒಂದು ವಾರಪತ್ರಿಕೆಯ ಸಂಪಾದಕರು ನಾಲ್ಕು ಕಥೆ ವಾಪಸು ಕಳಿಸಿ, ಐದನೆಯದಕ್ಕೆ ನನ್ನನ್ನೇ ಕರೆಸಿಕೊಂಡರು.

“ನಿಮ್ಮ ಸಾವಿತ್ರಿ ಮಂಗಳವಾರ ಸಂಜೆ ಮನೆಗೆ ಬಂದ ಮುತ್ತೈದೇನ ಕುಂಕುಮ ಕೊಡ್ದೆ ಕಳಿಸ್ತಾಳೆ. ನಿಮಗೆ ಆ ಮನೆ ಗೊತ್ತಿಲ್ಲ ಮೇಷ್ಟ್ರೇ. ಗೊತ್ತಿರೋ ಮನೆ ಬರೀರಿ.”

ಗೊತ್ತಿರುವ ಮನೆ. ನನಗೆ ಗೊತ್ತಿದ್ದದ್ದು ಒಂದೇ ಮನೆ.

ಅದಕ್ಕೂ ಹತ್ತು–ಹನ್ನೊಂದು ವರ್ಷ ಹಿಂದೆ, ಎಪ್ಪತ್ತರ ದಶಕದ ಶುರುವಿನಲ್ಲಿ, ಅಕ್ಕನಿಗೆ ಮದುವೆ ಗೊತ್ತಾಗಿತ್ತು. ಹುಡುಗನ ಹೆಸರು ಇನ್ನಾಸಪ್ಪ, ಕಾರ್ಖಾನೆಯಲ್ಲಿ ಫಿಟ್ಟರ್. ಮಾತು ಕಡಿಮೆ. ನಮ್ಮ ಮನೆಗೆ ಬಂದಾಗ ಕಾಫಿ ಕುಡಿದ ಲೋಟವನ್ನು ತಾನೇ ತೊಳೆದಿಟ್ಟಿದ್ದ. ಅಕ್ಕ ಆ ವಿಷಯ ನನಗೆ ಮೂರು ಸಲ ಹೇಳಿದ್ದಳು.

ನಮ್ಮಲ್ಲಿ ಮದುವೆ ಗೊತ್ತಾದರೆ ಚರ್ಚಿನಲ್ಲಿ ಓಲೆ ಓದುತ್ತಾರೆ. ಇಂಥವರ ಮಗನಿಗೂ ಇಂಥವರ ಮಗಳಿಗೂ ಮದುವೆ ನಿಶ್ಚಯವಾಗಿದೆ, ಏನಾದರೂ ಅಡ್ಡಿ ಇರುವುದು ಗೊತ್ತಿದ್ದವರು ಬಂದು ತಿಳಿಸಬೇಕು ಎಂದು ಫಾದರ್ ಎಲ್ಲರ ಮುಂದೆ ಹೇಳುತ್ತಾರೆ. ಸಾಲಾಗಿ ಮೂರು ಭಾನುವಾರ, ಮೂರು ಓಲೆ. ಮೂರನೆಯದೂ ದಾಟಿದರೆ ಮದುವೆ.

ಮೊದಲ ಭಾನುವಾರ ಅಕ್ಕ ತಿಳಿ ನೀಲಿ ಸೀರೆ ಉಟ್ಟು ಸೆರಗನ್ನು ಹಣೆಯವರೆಗೂ ಎಳೆದುಕೊಂಡು ಕೂತಿದ್ದಳು. ಎರಡನೆಯ ಭಾನುವಾರ ಪಕ್ಕದ ಹೆಂಗಸರು ಅವಳ ಸೊಂಟ ತಿವಿದು ನಕ್ಕರು. ಮೂರನೆಯ ಭಾನುವಾರ ಫಾದರ್ ಬೇರೆ ಎರಡು ಜೋಡಿಯ ಹೆಸರು ಓದಿ ಪುಸ್ತಕ ಮುಚ್ಚಿದರು.

ಅಕ್ಕ ತಲೆ ಎತ್ತಲಿಲ್ಲ. ಕೊನೆಯ ಹಾಡನ್ನು ಎಲ್ಲರ ಜೊತೆ ಪೂರ್ತಿ ಹಾಡಿ ಹೊರಗೆ ಬಂದಳು.

ಏನಾಗಿತ್ತೆಂದರೆ, ಹುಡುಗನ ಮನೆಯವರೂ ನಾವೂ ಹತ್ತಿರದ ರಕ್ತಸಂಬಂಧಿಗಳು ಎಂದು ಯಾರೋ ಫಾದರ್‌ಗೆ ಹೇಳಿದ್ದರು. ರಕ್ತಸಂಬಂಧದಲ್ಲಿ ಮದುವೆಗೆ ನಮ್ಮಲ್ಲಿ ಸುಲಭಕ್ಕೆ ಒಪ್ಪಿಗೆ ಇಲ್ಲ. ಫಾದರ್ ಎರಡೂ ಕಡೆಯ ಊರಿನ ಚರ್ಚಿಗೆ ಕಾಗದ ಬರೆದು ಹಳೆಯ ದಾಖಲೆ ಹುಡುಕಿಸಿದರು. ತಿಂಗಳುಗಟ್ಟಲೆ ಹಿಡಿಯಿತು. ಅನುಮಾನ ಬಂದ ಹೆಣ್ಣು ಬೇಡ ಎಂದು ಹುಡುಗನ ತಾಯಿ ಮುನಿಸಿಕೊಂಡರು. ಸಂಬಂಧ ಏನೇನೂ ಇಲ್ಲ ಎಂಬ ಕಾಗದ ಬರುವ ಹೊತ್ತಿಗೆ ಇನ್ನಾಸಪ್ಪನ ಓಲೆಯನ್ನು ಬೇರೊಂದು ಚರ್ಚಿನಲ್ಲಿ ಬೇರೊಂದು ಹೆಸರಿನ ಜೊತೆ ಓದಿ ಆಗಿತ್ತು.

ಹೇಳಿದ್ದು ಯಾರು? ಫಾದರ್ ಬಾಯಿ ಬಿಡಲಿಲ್ಲ, ಅದು ಅವರ ಧರ್ಮ. ಅಮ್ಮ ಬೀದಿಯಲ್ಲಿ ನಿಂತು ಯಾರ್ಯಾರಿಗೋ ಶಾಪ ಹಾಕಿದಳು. ಅಪ್ಪ ಅದಾಗಲೇ ತೀರಿಕೊಂಡಿದ್ದರು. ನಾನು ಬಿ.ಎ. ಓದುತ್ತಿದ್ದೆ. ಆಮೇಲೆ ಬಿ.ಎಡ್. ಮಾಡಿ ಮೇಷ್ಟ್ರಾದೆ. ನನ್ನ ಮದುವೆಯ ಓಲೆ ಮೂರು ಭಾನುವಾರವೂ ಸುಸೂತ್ರವಾಗಿ ಓದಿದರು. ಅಕ್ಕನಿಗೆ ಆಮೇಲೆ ಯಾವ ಸಂಬಂಧವೂ ಕೂಡಿಬರಲಿಲ್ಲ.

ಈ ದುಃಖದ ಮೇಲೂ ನಾನು ಹಿಂದೆ ಒಂದು ಪದ್ಯ ಬರೆದಿದ್ದೆ. ಅದರಲ್ಲಿ ಅಕ್ಕ ಒಂದು ಲಿಲ್ಲಿ ಹೂವು. ಲಿಲ್ಲಿ ಹೂವಿಗೆ ಯಾರ ಮೇಲೆ ದೂರಿರುತ್ತದೆ? ಅಮ್ಮ ಅದನ್ನೂ ಕೇಳಿ ಚೆಂದಾಗೈತೆ ಅಂದಿದ್ದಳು.

ಕಥೆಗೆ ಅಷ್ಟು ಸಾಲುವುದಿಲ್ಲವಲ್ಲ. ಕಥೆಗೆ ಒಬ್ಬ ಮನುಷ್ಯ ಬೇಕು, ಎದ್ದು ಹೋಗಿ ಫಾದರ್ ಬಂಗಲೆಯ ಬಾಗಿಲು ತಟ್ಟಬೇಕು. ಯಾರನ್ನು ಕಳಿಸಲಿ? ಪಕ್ಕದ ಮನೆಯವಳನ್ನು ಕಳಿಸಿ ನೋಡಿದೆ, ಕಥೆ ಜಾಳಾಯಿತು. ಹುಡುಗನ ದಾಯಾದಿಯನ್ನು ಕಳಿಸಿದೆ, ಸಿನಿಮಾ ಆಯಿತು. ಕೊನೆಗೆ ಹುಡುಗಿಯ ತಾಯಿಯನ್ನೇ ಕಳಿಸಿದೆ. ಮಗಳ ಸಂಬಳ ನಿಂತರೆ ಗತಿಯೇನು ಎಂದು ಹೆದರಿದ ವಿಧವೆ. ಕಥೆಯ ಮನೆಯಲ್ಲಿ ತಾಯಿ ಮಗಳು ಇಬ್ಬರೇ. ಮಗಳನ್ನು ಆಪರೇಟರ್ ಬದಲು ನರ್ಸ್ ಮಾಡಿದೆ, ಹೆಸರು ಬದಲಾಯಿಸಿದೆ. ಕಥೆ ತಾನೇ ಬರೆಸಿಕೊಂಡಿತು. “ಈಗ ಬಂತು ನೋಡಿ ಬಿಗಿ” ಎಂದು ಸಂಪಾದಕರು ಮುಂದಿನ ವಾರವೇ ಹಾಕಿದರು.

ದೇವರಾಣೆಗೂ ಅದು ಕಟ್ಟಿದ್ದು. ನನಗೆ ಏನೂ ಗೊತ್ತಿರಲಿಲ್ಲ.

ಪತ್ರಿಕೆ ಬಂದ ಭಾನುವಾರ ಹೆಂಡತಿ ಹೆರಿಗೆಗೆಂದು ತವರಿಗೆ ಹೋಗಿದ್ದಳು. ಮನೆಯಲ್ಲಿ ನಾವು ಮೂವರೇ. ಅಮ್ಮ ಉಣ್ಣಲು ಕೂತಳು. ಅಕ್ಕ ಪತ್ರಿಕೆ ತೆಗೆದುಕೊಂಡು, “ಪದ್ಯ ಅಲ್ಲಮ್ಮ, ಈ ಸಲ ಕಥೆ” ಎಂದು ಶುರು ಮಾಡಿದಳು. ನಾನು ಮೊದಲೇ ಒಂದು ಮಾತು ಹೇಳಬೇಕಿತ್ತು. ಹೇಳಲಿಲ್ಲ. ಅಚ್ಚಾದ ಹೆಸರು ನೋಡಿಕೊಳ್ಳುವ ಸಂಭ್ರಮದಲ್ಲಿ ತಲೆಗೆ ಹೊಳೆಯಲೇ ಇಲ್ಲ. ಎಂಥ ದಡ್ಡ ನಾನು.

ಅರ್ಧ ಪುಟದ ಹೊತ್ತಿಗೆ ಅಕ್ಕನಿಗೆ ಇದು ಯಾರ ಕಥೆ ಎಂದು ಗೊತ್ತಾಯಿತು. ದನಿ ಸಣ್ಣದಾಯಿತು, ಆದರೆ ನಿಲ್ಲಿಸಲಿಲ್ಲ. ತಾಯಿ ಬಂಗಲೆಯ ಮೆಟ್ಟಿಲು ಹತ್ತಿ ಫಾದರ್‌ಗೆ ಸುಳ್ಳು ಹೇಳುವ ಜಾಗ ಬಂತು. ಅದನ್ನೂ ಓದಿದಳು.

ಅಮ್ಮನ ಕೈ ತಟ್ಟೆಯಲ್ಲೇ ನಿಂತಿತು. ನನ್ನ ಕಡೆ ತಿರುಗಿದಳು.

“ಯಾರಪ್ಪ ನಿಂಗೆ ಹೇಳ್ದೋರು?”

ಅಷ್ಟೇ ಕೇಳಿದ್ದು. ಯಾರೂ ಹೇಳಿಲ್ಲಮ್ಮ, ಅದು ಕಥೆ, ಸುಮ್ಮನೆ ಕಟ್ಟಿದ್ದು ಎಂದು ನಾನು ತೊದಲಿದೆ. ಹೇಳುತ್ತಿರುವಾಗಲೇ ನನಗೂ ಅರ್ಥವಾಯಿತು. ಅಮ್ಮ ಎದ್ದು ಕೈ ತೊಳೆಯಲು ಹೋದವಳು ಸಂಜೆಯವರೆಗೂ ಹಿತ್ತಲಿನಿಂದ ಒಳಗೆ ಬರಲಿಲ್ಲ. ಅಕ್ಕ ಪತ್ರಿಕೆ ಮಡಚಿಟ್ಟು ಅಮ್ಮನ ತಟ್ಟೆ ತೆಗೆದಳು.

ಜಗಳವಾಗಲಿಲ್ಲ. ಆಗಿದ್ದರೆ ಚೆನ್ನಾಗಿತ್ತು. ಅಮ್ಮ ಅಕ್ಕ ಇಬ್ಬರೂ ಒಂದೇ ಅಡುಗೆಮನೆಯಲ್ಲಿ ಒಬ್ಬರ ಮುಖ ಒಬ್ಬರು ನೋಡದೆ ಓಡಾಡಿದರು. ಸಂಜೆಯ ಜಪಮಾಲೆ ಬೇರೆ ಬೇರೆಯಾಯಿತು. ಮೂರನೆಯ ವಾರ ಅಮ್ಮ ಬಟ್ಟೆ ಗಂಟು ಕಟ್ಟಿದಳು. “ಅಣ್ಣನ ಮನೇಲಿ ನಾಕ್ ದಿನ ಇದ್ದು ಬತ್ತೀನಿ” ಅಂದಳು.

ಬನಶಂಕರಿಯಲ್ಲಿ ಬಸ್ಸು ಹತ್ತಿಸಲು ನಾನೇ ಹೋದೆ. ಅಮ್ಮ ಕಿಟಕಿಯ ಪಕ್ಕ ಕೂತಳು. ಬಸ್ಸು ಹೊರಡುವಾಗ ಹೇಳಿದಳು:

“ಪದ್ಯ ಬರೀತಿದ್ಯಲ್ಲಪ್ಪ, ಚೆಂದಾಗಿತ್ತು. ಅದನ್ಯಾಕ್ ಬುಟ್ಟೆ?”

ನಾಲ್ಕು ದಿನ ಅಂದವಳು ನಾಲ್ಕು ವರ್ಷವಾದರೂ ಬರಲಿಲ್ಲ. ಕರೆಯಲು ಹೋದರೆ ಮುದ್ದೆ ಇಕ್ಕಿ ಕಳಿಸುತ್ತಿದ್ದಳು. ಹೋದ ವರ್ಷ ಅಲ್ಲೇ ತೀರಿಕೊಂಡಳು. ಮಣ್ಣಿಗೆ ಅಕ್ಕನೂ ಬಂದಿದ್ದಳು. ಅಳಲಿಲ್ಲ. ಮೂರು ಹಿಡಿ ಮಣ್ಣು ಹಾಕಿ ಬಸ್‌ಸ್ಟಾಪಿಗೆ ನಡೆದಳು.

ಆ ಕಥೆಯನ್ನು ಪುಸ್ತಕದಿಂದ ತೆಗೆಯಲು ನಾನು ಚೀಟಿ ಕಳಿಸಿದ್ದು ಇದಕ್ಕೆ. ಅಮ್ಮನನ್ನು ಮನೆಯಿಂದ ಓಡಿಸಿದ ಕಥೆಗೆ ರಟ್ಟು ಹಾಕಿ ಮಾರಲೇ? ಆದರೆ ನಿಜ ಹೇಳಿಬಿಡುತ್ತೇನೆ, ತೆಗೆಯಲು ಮನಸ್ಸೂ ಇರಲಿಲ್ಲ. ನಾನು ಬರೆದದ್ದರಲ್ಲಿ ಅದೊಂದೇ ಕಥೆ ಎಂದು ನನಗೂ ಗೊತ್ತು. ಅಕ್ಕ ಹೂಂ ಅಂದುಬಿಡಲಿ ಎಂದು ಒಳಗೊಳಗೇ ಆಸೆ.

ಮರುದಿನ ಭಾನುವಾರ, ರಂಗಣ್ಣ ಬಿಟ್ಟುಹೋಗಿದ್ದ ಪ್ರೂಫನ್ನು ಅವಳ ಕೈಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು ಮನಸ್ಸಿನಲ್ಲೇ ಓದಿದಳು. (ಗಟ್ಟಿಯಾಗಿ ಓದುವುದನ್ನು ಅವಳು ಆವತ್ತೇ ಬಿಟ್ಟಿದ್ದಾಳೆ.)

“ಹಾಕ್ಕೋ” ಅಂದಳು.

“ನಿಂಗೆ ಬೇಜಾರಾಗಲ್ವಾ ಅಕ್ಕ?”

“ನಂಗೆ ಮೊದ್ಲೇ ಗೊತ್ತಿತ್ತು ಕಣೋ ಜೋಜಿ.”

ಅವಳೇ ಹೇಳಿದಳು.

“ಎರಡನೇ ಓಲೆ ಆದ್ಮೇಲಿನ ಬುಧವಾರ ಡ್ಯೂಟಿಯಿಂದ ಬೇಗ ಬಂದೆ. ಫಾದರ್ ಬಂಗಲೆ ಮುಂದೆ ಅಮ್ಮನ ಚಪ್ಪಲಿ ಇತ್ತು. ಬಾರು ಕಿತ್ತೋಗಿತ್ತು ಅಂತ ಹಿಂದಿನ ದಿನ ನಾನೇ ನೀಲಿ ದಾರದಲ್ಲಿ ಹೊಲ್ದಿದ್ದೆ. ಮನೆಗೆ ಬಂದು ಮಾರ್ಕೆಟ್ಟಿಗೆ ಹೋಗಿದ್ದೆ ಅಂದ್ಲು. ಕೈಯಲ್ಲಿ ಒಂದು ಕಟ್ಟು ಸೊಪ್ಪೂ ಇರ್ಲಿಲ್ಲ.”

“ಗೊತ್ತಿದ್ದೂ ಅಷ್ಟು ವರ್ಷ ಸುಮ್ನಿದ್ಯಾ?”

“ನಂಗೆ ಗೊತ್ತು ಅಂತ ಅವಳಿಗೆ ಗೊತ್ತಾಗ್ಬಾರ್ದು ಅಂತಿದ್ದೆ. ಒಂದೇ ಮನೇಲಿ ಇರ್ಬೇಕಲ್ಲ. ನೀನು ನನ್ನ ಬಾಯಲ್ಲೇ ಓದಿಸ್ಬಿಟ್ಟೆ.”

ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡಳು. ಪ್ರೂಫಿನ ಹಾಳೆಗಳನ್ನು ಮಂಡಿಯ ಮೇಲೆ ತಟ್ಟಿ ಜೋಡಿಸಿ ನನಗೆ ಕೊಟ್ಟಳು.

“ಪಾಪ, ಅಮ್ಮ ಏನು ತನ್ನ ಹೊಟ್ಟೆಗೋಸ್ಕರ ಹೋಗಿದ್ಲಾ? ಆ ಹುಡುಗಿಗೆ ಕಾಲೇಜು ಓದೋ ತಮ್ಮ ಒಬ್ಬ ಇದ್ದನಲ್ಲ ಜೋಜಿ, ಅವನನ್ನ ಯಾಕೋ ಬರೀಲಿಲ್ಲ?”