ಐಸ್‌ಕ್ರೀಮ್ ಅಂಗಡಿಯ ಹೊಸ ಹುಡುಗಿ

ಕಾರವಾರದ ನಮ್ಮ ಐಸ್‌ಕ್ರೀಮ್ ಅಂಗಡಿಯ ಬಾಡಿಗೆ, ಕರೆಂಟು, ಹುಡುಗಿಯ ಸಂಬಳ ಎಲ್ಲ ನಮ್ಮದು. ಬೋರ್ಡಿನ ಮೇಲಿನ ಹೆಸರು, ಡಬ್ಬಿಗಳು, ಕೆಂಪು ಏಪ್ರನ್ನು ಕಂಪನಿಯವು. ಗೋಡೆಗೆ ಯಾವ ಬಣ್ಣವೆಂಬುದನ್ನೂ ಅವರೇ ಹೇಳುತ್ತಿದ್ದರು. ಅಷ್ಟರವರೆಗೆ ನನಗೇನೂ ಅನ್ನಿಸಿರಲಿಲ್ಲ.

ಮೊಬೈಲು ಇನ್ನೂ ಗಂಡಸರ ಜೇಬಿನಲ್ಲೇ ಇದ್ದ ಕಾಲ. ಆ ವರ್ಷ ನೂಲ ಹುಣ್ಣಿಮೆಗೆ ಹುಡುಗಿ ರಜೆ ಕೇಳಿದಳು. ಚಿತ್ತಾಕುಲದ ಮೀನುಗಾರರ ಮನೆಯವಳು; ಅಂದು ಸಮುದ್ರಕ್ಕೆ ತೆಂಗಿನಕಾಯಿ ಬಿಟ್ಟ ಮೇಲೆಯೇ ಅವರ ದೋಣಿ ಇಳಿಯುವುದು. ಅಲ್ಲಿಯವರೆಗೆ ಮಳೆಗಾಲವಿಡೀ ಆ ಮನೆ ನಡೆಯುತ್ತಿದ್ದದ್ದು ಇವಳ ಸಂಬಳದಲ್ಲಿ.

"ಎಲ್ಲರೂ ದಂಡೆಗೆ ಹೋಗ್ತ್ರು ವೈನಿ. ನಾನೊಬ್ಳೇ ಇಲ್ಲಿ ನಿಂತ್ರೆ ಅಜ್ಜಿ ಬೈತದೆ."

ನನ್ನ ಗಂಡ ಹೂಂ ಅಂದರು. ಹಬ್ಬದ ದಿನ ಅವರು ಎರಡನೆಯ ಅಂಗಡಿಗೆ ಜಾಗ ನೋಡಲು ಅಂಕೋಲೆಗೆ ಹೋಗಿದ್ದರಿಂದ ಕೌಂಟರಿನ ಹಿಂದೆ ನಾನೇ ನಿಂತೆ. ಅವಳ ಏಪ್ರನ್ನು ನನ್ನ ಸೊಂಟಕ್ಕೆ ಸಾಲಲಿಲ್ಲ.

ಆಗಲೇ ಹೇಳದೆ ಕೇಳದೆ ಹುಬ್ಬಳ್ಳಿಯಿಂದ ಕಂಪನಿಯ ಮ್ಯಾನೇಜರು ಬಂದರು. ಚಮಚವನ್ನು ಕರವಸ್ತ್ರದಿಂದ ಒರೆಸಿಕೊಂಡೇ ರುಚಿ ನೋಡಿದರು.

"ಕೆಲಸದಾಕಿ ಎಲ್ಲಿ ಹೋಗ್ಯಾಳ್ರಿ?"

ಹಬ್ಬ ಎಂದೆ. ಗಾಬರಿಗೆ ಅವಳ ಹೆಸರನ್ನೂ ಹೇಳಿಬಿಟ್ಟೆ.

"ಇಂಥಾಕಿನ್ನ ಇಟ್ಕೊಂಡು ಅಂಕೋಲಾದಾಗ ಇನ್ನೊಂದು ಅಂಗಡಿ ತೆಗೀತೀರಿ? ಮೊದಲು ಆಕಿನ್ನ ಬಿಡಿಸ್ರಿ. ಮುಂದಿನ ಸಲ ನನಗ ಹೊಸಬರು ಕಾಣಬೇಕು."

"ರಜೆ ಕೊಟ್ಟಿದ್ದು ನಾವು," ಎಂದೆ. ಅವರಾಗಲೇ ಚರ್ಮದ ಬ್ಯಾಗು ಹಿಡಿದು ಬಾಗಿಲು ದಾಟಿದ್ದರು.

ರಾತ್ರಿ ಊಟಕ್ಕೆ ಕೂತ ಗಂಡನಿಗೆ ಎಲ್ಲ ಹೇಳಿದೆ. ಅವರು, "ನಾಳೆ ಕಂಪನಿಯ ದೊಡ್ಡ ಆಫೀಸಿಗೆ ನೀನೇ ಫೋನ್ ಮಾಡು. ನಿನ್ನ ಕಾನ್ವೆಂಟ್ ಇಂಗ್ಲಿಷಿಗಾದ್ರೂ ಹೆದರ್ತಾರಾ ನೋಡುವಾ," ಎಂದರು.

ಫೋನಿನಲ್ಲಿ ಜೇನಿನಂಥ ಹೆಣ್ಣು ದನಿ. ಕೆಲಸದವರನ್ನು ಇಡುವುದು, ತೆಗೆಯುವುದು ಪೂರ್ತಿ ನಿಮ್ಮ ನಿರ್ಧಾರ, ಕಂಪನಿ ಕೈ ಹಾಕುವುದಿಲ್ಲ ಎಂದಿತು. ಹಾಗಾದರೆ ಮ್ಯಾನೇಜರು ಹೇಳಿದ್ದು? ಅದು ಸಲಹೆ. ಸಲಹೆ ಕೇಳದಿದ್ದರೆ ಅಂಕೋಲೆಯ ಅಂಗಡಿ? ಅದನ್ನು ಮ್ಯಾನೇಜರೇ ನೋಡುತ್ತಾರೆ ಮ್ಯಾಡಮ್.

ಹಬ್ಬ ಮುಗಿಸಿ ಕೆಲಸಕ್ಕೆ ಬಂದ ಹುಡುಗಿ ಡಬ್ಬಿಯಲ್ಲಿ ಕಾಯಿಬರ್ಫಿ ತಂದಿದ್ದಳು. ನಾನು ಗಂಡನ ಕಡೆ ನೋಡಿದರೆ ಅವರು "ನಾಳೆ ಹೇಳುವಾ" ಎಂದು ಕಣ್ಣಲ್ಲೇ ಹೇಳಿದರು. ಮರುದಿನವೂ ಹೇಳಲಿಲ್ಲ, ಅದರ ಮರುದಿನವೂ ಇಲ್ಲ. ಬಿಡಿಸಲು ಅವರಿಗೆ ಮನಸ್ಸಿಲ್ಲ, ಬಿಡಿಸುವುದಿಲ್ಲವೆಂದು ಹುಬ್ಬಳ್ಳಿಗೆ ಹೇಳಲು ಧೈರ್ಯವಿಲ್ಲ. ಚರ್ಮದ ಬ್ಯಾಗು ಹಿಡಿದ ಯಾರು ರಸ್ತೆ ದಾಟಿದರೂ ಮ್ಯಾನೇಜರೇ ಬಂದರೆಂದು ನಾನು ಬಗ್ಗಿ ನೋಡುತ್ತಿದ್ದೆ.

ಚೌತಿ ಮುಗಿದ ವಾರ, ಸುರಿವ ಮಳೆಯಲ್ಲಿ ಮ್ಯಾನೇಜರು ಬಂದೇಬಿಟ್ಟರು. ಕೌಂಟರಿನಲ್ಲಿ ಅವಳೇ ಇದ್ದಳು. ಏಪ್ರನ್ನಿನ ಮೇಲೆ ಹೆಸರಿನ ಬ್ಯಾಡ್ಜು. ಅವರು ಐಸ್‌ಕ್ರೀಮಿನ ಕಪ್ಪು ತೆಗೆದುಕೊಂಡು, ಬಗ್ಗಿ ಆ ಹೆಸರನ್ನು ಗಟ್ಟಿಯಾಗಿ ಓದಿದರು. ನಾನು ಟಿಶ್ಯೂ ಪೇಪರಿನ ಅಟ್ಟಿಯನ್ನು ಒತ್ತಿ ಹಿಡಿದುಕೊಂಡೆ.

"ಹೊಸಾಕಿ ಏನ್ರಿ? ಛಲೋ ಅದಾಳ. ನೋಡ್ರಿ, ನಾ ಹೇಳಿದ್ದಕ್ಕ ಎಷ್ಟು ಫರಕ್ ಆತು! ಅಂಕೋಲಾಕ್ಕೂ ಇಂಥಾಕಿನ್ನ ಹುಡುಕ್ರಿ."

"ಹೌದು ಸರ್," ಎಂದರು ನನ್ನ ಗಂಡ.

ಮ್ಯಾನೇಜರು ಅವಳನ್ನು ಹಿಂದೆ ನೋಡಿಯೇ ಇರಲಿಲ್ಲವಲ್ಲ. ನಾನು ಹೇಳಿದ್ದ ಹೆಸರೂ ನೆನಪಿರಲಿಲ್ಲ.

ಮಳೆ ಬಿಟ್ಟು, ಅವರು ಹೊರಗೆ ಕಾರು ಹತ್ತುತ್ತಿದ್ದಂತೆ ಹುಡುಗಿ ನನ್ನತ್ತ ತಿರುಗಿದಳು. "ವೈನಿ, ನಾ ಬರೂಕಿಂತ ಮೊದ್ಲು ಇಲ್ಲಿ ಬೇರೆ ಯಾರಿದ್ರು? ಪಾಪ, ಅವಳನ್ನ ಎಂತಕ್ಕೆ ಬಿಡಿಸಿದ್ರಿ?"

"ಯಾರೂ ಇರಲಿಲ್ಲ ಮಾರಾಯ್ತಿ. ಮೊದಲಿನವಳೂ ನೀನೇ."

"ಹಾಗಾರೆ ಆ ಸಾಹೇಬ್ರಿಗೆ ಮಂಡೆ ಸಮ ಇಲ್ವಾ?" ಎಂದು ಅವಳು ಗಟ್ಟಿಯಾಗಿ ನಕ್ಕಳು.

ನಾನು ಅವಳ ಬಾಯಿಗೆ ಕೈ ಅಡ್ಡ ಹಿಡಿದೆ. ಬಾಗಿಲ ಬಳಿ ಮ್ಯಾನೇಜರು ಮರೆತ ಒದ್ದೆ ಛತ್ರಿ ಇನ್ನೂ ಒರಗಿಕೊಂಡಿತ್ತು.