ಎರಡನೇ ಸಲ ಕೇಳಿ

ಸ್ಯಾವಿಯೊ ಜೈಲಿಗೆ ಹೋದಾಗ ನ್ಯೂರೆಂಬರ್ಗಿನ ನಮ್ಮ ಕನ್ನಡ ವಾಟ್ಸಾಪ್ ಗುಂಪಿನಿಂದ ಅವನ ಹೆಸರು ತೆಗೆದವಳು ನಾನೇ. ಅದನ್ನು ಮುಚ್ಚಿಡುವುದಿಲ್ಲ. ಶಿರ್ವದ ಹುಡುಗ, ಕಾರಿನ ಬ್ರೇಕ್ ಪರೀಕ್ಷಿಸುವ ಎಂಜಿನಿಯರು. ಕುಡಿದು ಕಾರು ಓಡಿಸಿ, ಸೈಕಲ್ಲಿನಲ್ಲಿ ಹೋಗುತ್ತಿದ್ದ ಮುದುಕರೊಬ್ಬರಿಗೆ ಗುದ್ದಿ, ನಿಲ್ಲಿಸದೆ ಹೋಗಿದ್ದ. ಅವರ ಒಂದು ಕಾಲು ಹೋಯಿತು. ಇವನಿಗೆ ಎರಡು ವರ್ಷ ಶಿಕ್ಷೆಯಾಯಿತು. ಆಗಬೇಕಾದದ್ದೇ. ಅವನೂ ಹಾಗೇ ಹೇಳುತ್ತಾನೆ.

ಜೈಲಿನಲ್ಲಿ ಒಂದು ಬೆಳಿಗ್ಗೆ ಅವನಿಗೆ ಹೊಟ್ಟೆನೋವು ಶುರುವಾಯಿತು. ನರ್ಸ್ ಬಾಗಿಲ ಬಳಿ ಬಂದು, ಡಾಕ್ಟರನ್ನು ನೋಡಬೇಕೇ ಎಂದು ಕೇಳಿದಳು. ಇವನು ಊರಿನ ಅಭ್ಯಾಸದಂತೆ "ಬೇಡ, ಪರವಾಗಿಲ್ಲ" ಎಂದ. ನಮ್ಮಲ್ಲಿ ಮೊದಲ ಸಲ ಕೇಳಿದ್ದಕ್ಕೆ ಯಾರು ಹೂಂ ಅನ್ನುತ್ತಾರೆ? ಕಾಫಿಗಾದರೂ ಎರಡು ಸಲ ಕರೆಯಬೇಕು. ಜರ್ಮನಿಯಲ್ಲಿ ಬೇಡ ಎಂದರೆ ಬೇಡ. ಅವಳು ಹಾಗೆಂದೇ ಬರೆದುಕೊಂಡು ಹೋದಳು. ಮರುದಿನ ಅಪೆಂಡಿಕ್ಸ್ ಒಡೆದು, ಸಾಯುವುದರಲ್ಲಿದ್ದವನು ಹೇಗೋ ಉಳಿದ.

ಬೇರೆಯವನಾಗಿದ್ದರೆ ನರ್ಸನ್ನು ಬೈದು ಸುಮ್ಮನಾಗುತ್ತಿದ್ದ. ಇವನು ಅಕ್ಕಪಕ್ಕದ ಕೋಣೆಯವರನ್ನು ವಿಚಾರಿಸಿದ. ಸಿರಿಯಾದವರು, ಆಫ್ಘನ್ನರು, ಎಲ್ಲರೂ ಮೊದಲು ಬೇಡ ಅನ್ನುವವರೇ! ಬಿಡುಗಡೆಯಾದ ಮೇಲೆ ಸಾರ್ವಜನಿಕ ಆರೋಗ್ಯ ಓದಿ, ಕೈದಿಗಳ ಆರೋಗ್ಯ ನೋಡುವ ಸಂಸ್ಥೆಯೊಂದಕ್ಕೆ ಸೇರಿದ. ಬೇಡ ಎಂದ ಕೈದಿಯನ್ನು ಅವನ ಭಾಷೆಯಲ್ಲೇ ಇನ್ನೊಮ್ಮೆ ಕೇಳಬೇಕು ಎಂಬ ಒಂದೇ ನಿಯಮಕ್ಕಾಗಿ, ತಾನಿದ್ದ ಅದೇ ಜೈಲಿಗೆ ಮೂರು ವರ್ಷ ಅಲೆದ.

ಅಲ್ಲಿನ ಡಾಕ್ಟರಮ್ಮ ಬಲು ಗಟ್ಟಿ. ಬೇಡ ಎಂದವರನ್ನು ಪೀಡಿಸುವುದು ಸರಿಯಲ್ಲ ಎನ್ನುತ್ತಿದ್ದರು. ಕೊನೆಗೆ, ಒಂದೇ ವಿಭಾಗದಲ್ಲಿ ಮೂರು ತಿಂಗಳು ನೋಡೋಣ, ಪ್ರಯೋಜನವಾಗದಿದ್ದರೆ ಮತ್ತೆ ಈ ಕಡೆ ಬರಬೇಡಿ ಎಂದರು.

ಅಷ್ಟರಲ್ಲಿ ಅವನು ನಮ್ಮ ಮನೆಗೆ ಬರತೊಡಗಿದ್ದ. ನಾನೇ ಹೋಗಿ ಕರೆದಿದ್ದೆ. "ಆಗದಿದ್ರೆ ಎಂತ ಮಾಡ್ತಿ ಮಾರಾಯ?" ಎಂದು ಕೇಳಿದೆ.

"ಆಗ್ತದೆ ಶ್ರೀದೇವಕ್ಕ. ಅಲ್ಲಿ ಬಿದ್ದುಕೊಂಡು ನೋಡಿದವ ನಾನು, ಅವರಲ್ಲ" ಎಂದ, ನೀರುದೋಸೆ ಮುರಿಯುತ್ತಾ.

ಆಯಿತು. ಮೊದಲು ಬೇಡ ಎಂದವರು ನಲವತ್ತೊಂದು ಜನ. ಇನ್ನೊಮ್ಮೆ ಕೇಳಿದಾಗ ಹದಿನೇಳು ಮಂದಿ ಒಪ್ಪಿದರು. ಅವರಲ್ಲಿ ಒಬ್ಬನಿಗೆ ಕ್ಷಯ. ಇನ್ನೂ ಮೂವರಿದ್ದ ಕೋಣೆಯಲ್ಲಿ ಮಲಗುತ್ತಿದ್ದವನು. ಡಾಕ್ಟರಮ್ಮ ತಾವೇ ಫೋನ್ ಮಾಡಿ, ಇಡೀ ಜೈಲಿಗೆ ಈ ನಿಯಮ ತರೋಣ, ಸಿಬ್ಬಂದಿಗೆ ನೀವೇ ಕಲಿಸಬೇಕು ಎಂದರು. ಕೇಳಿ ನನಗಂತೂ ಕಣ್ಣು ತುಂಬಿ ಬಂತು.

ತರಬೇತಿ ಕೊಡುವವರು ತುಂಬಬೇಕಾದ ಫಾರ್ಮಿನಲ್ಲಿ ಅನುಭವಕ್ಕೊಂದು ಕಾಲಂ ಇತ್ತು. ಓದಿದ ಡಿಗ್ರಿಯನ್ನೆಲ್ಲ ಬಿಟ್ಟು ಅವನು ಅಲ್ಲಿ ಬರೆದದ್ದು: "ಎರಡು ವರ್ಷ, ಇದೇ ಜೈಲು, ಕೋಣೆ ೨೧೪." ಡಾಕ್ಟರಮ್ಮ ಅದರ ಕೆಳಗೇ ಸಹಿ ಹಾಕಿದರು.