ಬಲಗಿವಿಯ ಇಯರ್‌ಫೋನ್

ನಾಗಸಂದ್ರ ಮೆಟ್ರೋ ನಿಲ್ದಾಣದಿಂದ ನಡೆದೇ ಹೋಗಬಹುದಾದ ಒಂದು ದೊಡ್ಡ ಆಫೀಸು ಕಟ್ಟಡಕ್ಕೆ ನಾನು ಸೆಕ್ಯೂರಿಟಿ ಗಾರ್ಡ್ ಆಗಿ ಸೇರಿದಾಗ, ನಮ್ಮ ವಾಕಿಟಾಕಿಗಳಿಗೆ ಇಯರ್‌ಫೋನ್ ಇರಲಿಲ್ಲ. ಸೊಂಟದಲ್ಲಿ ಸಿಕ್ಕಿಸಿಕೊಂಡ ಸೆಟ್ಟು ಕರಕರ ಸದ್ದು ಮಾಡುತ್ತಾ ಎಲ್ಲರಿಗೂ ಕೇಳುವಂತೆ ಮಾತಾಡುತ್ತಿತ್ತು. ಬೇಸ್‌ಮೆಂಟಿನಲ್ಲಿ ಕಾರು ನಿಲ್ಲಿಸಲು ಜಾಗವಿಲ್ಲ ಎನ್ನುವುದು, ಮೂರನೇ ಮಹಡಿಯ ಟಾಯ್ಲೆಟ್ಟಿನಲ್ಲಿ ನೀರು ನಿಂತಿದೆ ಎನ್ನುವುದು, ಎಲ್ಲವೂ ಲಾಬಿಯ ಸೋಫಾದಲ್ಲಿ ಕೂತವರಿಗೂ ಗೊತ್ತಾಗುತ್ತಿತ್ತು. ಒಂದು ದಿನ ಹೊರದೇಶದಿಂದ ಬಂದ ಅತಿಥಿಗಳು ಆ ಸದ್ದಿಗೆ ತಿರುಗಿ ನೋಡಿದರಂತೆ. ಕಟ್ಟಡದ ಮ್ಯಾನೇಜರ್ ನಮ್ಮ ಸೂಪರ್‌ವೈಸರನ್ನು ಕರೆದು, ಇದು ಲಾಬಿಯೋ ಬಸ್ ಸ್ಟ್ಯಾಂಡೋ ಎಂದು ಕೇಳಿದರು. ಆ ವಾರವೇ ಇಯರ್‌ಫೋನುಗಳು ಬಂದವು.

ಬೆಳಗಿನ ಹಾಜರಿಯ ಹೊತ್ತಿನಲ್ಲಿ ಸೂಪರ್‌ವೈಸರ್ ಅದನ್ನು ಸಿಕ್ಕಿಸುವ ಕ್ರಮ ತೋರಿಸಿದರು. ಸೆಟ್ಟಿನ ಪಕ್ಕದ ರಬ್ಬರ್ ಮುಚ್ಚಳ ಎತ್ತಿದರೆ ಎರಡು ತೂತು. ಇಯರ್‌ಫೋನಿನ ತುದಿಯಲ್ಲಿ ಎರಡು ಪಿನ್ನು.

"ಟಕ್ ಅನ್ನೋವರ್ಗೂ ಒತ್ಬೇಕು. ಅರ್ಧಂಬರ್ಧ ಸಿಕ್ಸಿದ್ರೆ ಏನೂ ಕೇಳ್ಸಲ್ಲ. ಇಲ್ಲಾಂದ್ರೆ ನೀವು ಬಟನ್ ಒತ್ತಿದೀರಿ ಅಂತ ಸೆಟ್ಟು ಅಂದ್ಕೊಂಡು, ನೀವು ಮಾತಾಡೋದನ್ನೆಲ್ಲ ಕಳಿಸ್ತಾನೇ ಇರುತ್ತೆ. ಆವಾಗ ಬೇರೆ ಯಾರೂ ಮಾತಾಡೋಕಾಗಲ್ಲ. ಗೊತ್ತಾಯ್ತಾ?"

ಕಿವಿಯ ಹಿಂದೆ ಹಾಕಿಕೊಳ್ಳುವ ಕೊಕ್ಕೆ ಬಲಗಿವಿಯ ಆಕಾರಕ್ಕೇ ಬಾಗಿಸಿದ್ದು. ಎಲ್ಲರೂ ಹಾಕಿಕೊಂಡೆವು. ನನ್ನ ಪಕ್ಕದಲ್ಲಿದ್ದ ಅಕ್ಕ ಮಾತ್ರ ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ನೋಡುತ್ತಾ ನಿಂತಳು.

ಅಕ್ಕ ಎಂದರೆ ಒಡಹುಟ್ಟಿದವಳಲ್ಲ. ಯಾದಗಿರಿ ಕಡೆಯವಳು, ನನಗಿಂತ ಹಿರಿಯಳು. ರಾಜಗೋಪಾಲನಗರದಲ್ಲಿ ನನ್ನ ಪಕ್ಕದ ಕೋಣೆಯಲ್ಲೇ ಬಾಡಿಗೆಗಿದ್ದಳು. ಈ ಕೆಲಸ ನನಗೆ ಕೊಡಿಸಿದವಳೂ ಅವಳೇ. ಬೇಸ್‌ಮೆಂಟಿನ ಇಳಿಜಾರಿನಲ್ಲಿ ನಿಂತು ಕಾರುಗಳನ್ನು ಒಳಗೆ ಬಿಡುವುದು ಅವಳ ಡ್ಯೂಟಿ. ಆ ಇಕ್ಕಟ್ಟಿನಲ್ಲಿ ಒಬ್ಬರ ಕಾರಿಗೂ ಗೀರು ಬಿದ್ದದ್ದಿಲ್ಲ.

ಅಂದಿನಿಂದ ಸೆಟ್ಟಿನಲ್ಲಿ ಕರೆದರೆ ಅವಳು ಓಗೊಡುವುದು ತಡವಾಗತೊಡಗಿತು. ಸೂಪರ್‌ವೈಸರ್ ಎರಡು ಸಲ ಎಲ್ಲರೆದುರು ಬೈದರು. ಸಂಜೆ ಮನೆಗೆ ನಡೆಯುತ್ತಾ ನಾನೇ ಕೇಳಿದೆ.

"ಯಾಕಕ್ಕ, ಸೆಟ್ ಸರಿ ಇಲ್ವಾ?"

ಅವಳು ನಿಂತು, ನನ್ನ ಬಲಪಕ್ಕಕ್ಕೆ ಬಂದಳು. ಅವಳು ಯಾವಾಗಲೂ ನನ್ನ ಬಲಕ್ಕೇ ನಡೆಯುತ್ತಿದ್ದಳು ಎಂಬುದು ಆಗ ಹೊಳೆಯಿತು.

"ಸೆಟ್ ಸರಿ ಐತಿ ತಂಗಿ. ನನ್ನ ಬಲಗಿವೀನ ಸರಿ ಇಲ್ಲ. ಪೀಣ್ಯದ ಫ್ಯಾಕ್ಟರ್ಯಾಗ ತಗಡು ಬಡಿಯೋ ಪವರ್ ಪ್ರೆಸ್ ಸದ್ದಿನ ಮುಂದ ಕುಂತು ಕುಂತು ಹೋತು. ಮೊದಲು ಸೆಟ್ ಜೋರಾಗಿ ಒದರತಿತ್ತು, ನಡೀತಿತ್ತು. ಯಾರ ಮುಂದನೂ ಹೇಳಬ್ಯಾಡ."

ನಾನು ಹೇಳಲಿಲ್ಲ. ಮರುದಿನ ಮೊಬೈಲ್ ರಿಪೇರಿ ಅಂಗಡಿಗೆ ಹೋಗಿ ಆ ಕೊಕ್ಕೆಯನ್ನು ಬಿಚ್ಚಿಸಿ, ಯಾವ ಕಿವಿಗಾದರೂ ಹೊಂದುವ ಬೇರೆಯದನ್ನು ಹಾಕಿಸಿದೆವು. ಅಕ್ಕ ಎಡಗಿವಿಗೆ ಹಾಕಿಕೊಂಡಳು. ಕರೆದ ತಕ್ಷಣ ಉತ್ತರ ಬರತೊಡಗಿತು. ಸೂಪರ್‌ವೈಸರ್ ಕೂಡ, ಈಗ ಪರವಾಗಿಲ್ಲ ಎಂದರು. ಆದರೆ ಎಲ್ಲರ ತಂತಿ ಬಲಗಡೆ ಇಳಿದಿರುವಾಗ ಇವಳದೊಂದು ಎಡಗಡೆ ಇರುವುದು ಅವರ ಕಣ್ಣಿಗೆ ಬಿದ್ದಿತ್ತು.

ಅದು ನನಗೆ ತಿಳಿದದ್ದು ಒಂದು ಸೋಮವಾರ, ಕಾರುಗಳ ಸಾಲು ರಸ್ತೆಯವರೆಗೆ ಬೆಳೆದಿದ್ದ ಹೊತ್ತಿನಲ್ಲಿ. ನಾನು ಲಾಬಿಯ ಬಾಗಿಲಲ್ಲಿದ್ದೆ. ಕಿವಿಯಲ್ಲಿ ಬಟ್ಟೆ ಉಜ್ಜಿದ ಸದ್ದು, ಲೋಟ ಇಟ್ಟ ಸದ್ದು, ಆಮೇಲೆ ಸೂಪರ್‌ವೈಸರ ದನಿ. ಅವರ ಪಿನ್ನು ಅರ್ಧಕ್ಕೇ ನಿಂತಿತ್ತು. ಮ್ಯಾನೇಜರ ಕೋಣೆಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದರು.

"ಆ ಬೇಸ್‌ಮೆಂಟ್ ಹೆಂಗಸು ಇದಾಳಲ್ಲ ಸಾರ್, ಒಂದು ಕಿವಿ ಪೂರ್ತಿ ಡಮಾರ್. ನಮ್ಗೆ ಗೊತ್ತಾಗ್ಲಿಲ್ಲ ಅಂದ್ಕೊಂಡಿದಾಳೆ."

"ಏನಾದ್ರೂ ಆದ್ರೆ ನನ್ ತಲೆಗೆ ಬರುತ್ತೆ ಕಣ್ರೀ. ಕಳಿಸ್ಬಿಡಿ."

"ಕಳಿಸ್ತೀನಿ ಸಾರ್. ಕಿವಿ ವಿಷ್ಯ ಎತ್ತೋದು ಬೇಡ, ಹಿಂದೆ ಫ್ಯಾಕ್ಟ್ರೀಲಿದ್ಲು, ಅಲ್ಲೇ ಹೋಗಿರ್ಬೇಕು, ಅದನ್ನ ಹಿಡ್ಕೊಂಡು ಯಾರಾದ್ರೂ ಗಲಾಟೆ ಮಾಡ್ತಾರೆ. ಎಲ್ರಿಗೂ ಒಂದು ಹೆಲ್ತ್ ಚೆಕಪ್ ಅಂತ ಮಾಡಿ, ಇವ್ಳನ್ನ ತೆಗೆದ್ರಾಯ್ತು. ಹಳ್ಳಿ ಹೆಂಗಸು, ಅತ್ತು ಸುಮ್ನಾಗ್ತಾಳೆ."

ಇಬ್ಬರೂ ನಕ್ಕರು. ನಾನು ನನ್ನ ಬಟನ್ ಒತ್ತಿ ಒತ್ತಿ ಸಾರ್, ಸಾರ್ ಎಂದೆ. ಅವರ ಸೆಟ್ಟು ಬಿಡದೆ ಕಳಿಸುತ್ತಿದ್ದಾಗ ನನ್ನ ದನಿ ಎಲ್ಲಿಗೂ ಹೋಗುವಂತಿರಲಿಲ್ಲ. ಬಾಗಿಲು ಬಿಟ್ಟು ಓಡಿ ಹೋಗಿ ಮ್ಯಾನೇಜರ ಕೋಣೆಯ ಕದ ತಟ್ಟಿದೆ.

"ಸಾರ್, ನಿಮ್ ಪಿನ್ನು ಸರಿಯಾಗಿ ಕೂತಿಲ್ಲ. ಎಲ್ಲಾ ಕೇಳ್ಸ್ತಿದೆ."

ಸೂಪರ್‌ವೈಸರ ಕೈ ಸೊಂಟಕ್ಕೆ ಹೋಯಿತು. ಪಿನ್ನನ್ನು ಕಿತ್ತೇಬಿಟ್ಟರು. "ಯಾರ್ಯಾರಿಗೆ ಕೇಳಿಸ್ತು?" ಎಂದರು. ಸೆಟ್ ಇರುವವರಿಗೆಲ್ಲ ಎಂದೆ. ಮ್ಯಾನೇಜರ್ ಕಿಟಕಿಯ ಕಡೆ ತಿರುಗಿಕೊಂಡರು. ಬಾಗಿಲು ಬಿಟ್ಟು ಬಂದದ್ದಕ್ಕೆ ಸೂಪರ್‌ವೈಸರ್ ನನ್ನನ್ನೇ ಗದರಿ ಕಳಿಸಿದರು.

ಸಂಜೆ ಡ್ಯೂಟಿ ಬದಲಾಗುವಾಗ ಅಕ್ಕ ನೇರ ಅವರ ಮುಂದೆ ಹೋಗಿ ನಿಂತಳು. ನಾವೆಲ್ಲ ಸೆಟ್ ಹಿಂತಿರುಗಿಸುವ ಮೇಜಿನ ಹತ್ತಿರ ಇದ್ದೆವು. ಅವಳು ಇಯರ್‌ಫೋನನ್ನು ನಿಧಾನವಾಗಿ ಸುತ್ತಿ ಮೇಜಿನ ಮೇಲಿಟ್ಟಳು.

"ನನಗ ಎಲ್ಲಾ ಕೇಳಿಸ್ತ್ರಿ, ಸಾಹೇಬ್ರ" ಎಂದಳು.

ದನಿ ಏರಿಸಲಿಲ್ಲ, ಅಳಲಿಲ್ಲ. ಸೂಪರ್‌ವೈಸರ್ ಸೆಟ್ಟುಗಳನ್ನು ಚಾರ್ಜಿಗೆ ಹಾಕುವುದರಲ್ಲಿ ಮುಳುಗಿದರು.

ಎಲ್ಲರೂ ಒಟ್ಟಿಗೆ ನಮ್ಮನ್ನು ಕೆಲಸಕ್ಕಿಟ್ಟ ಸೆಕ್ಯೂರಿಟಿ ಏಜೆನ್ಸಿಯ ಆಫೀಸಿಗೆ ಹೋಗೋಣ, ಕೇಳಿದ್ದನ್ನು ಹೇಳೋಣ ಎಂದು ನಾನು ಒಬ್ಬೊಬ್ಬರನ್ನೇ ಕೇಳಿದೆ. ಮುಂದಿನ ಗೇಟಿನವನು, ಆಗ ನಾನು ಸೆಟ್ ಆಫ್ ಮಾಡಿದ್ದೆ ಎಂದ. ಸಿಸಿಟಿವಿ ಕೋಣೆಯವನು ನನ್ನ ಮುಖ ನೋಡದೆ, "ನಂಗೆ ಸರಿಯಾಗಿ ಕೇಳ್ಸ್ಲಿಲ್ಲಮ್ಮ" ಎಂದ. ಕೊನೆಗೆ ನಾನೊಬ್ಬಳೇ ಹೋದೆ. ಅಲ್ಲಿದ್ದವರು ಕುರ್ಚಿ ಕೊಟ್ಟು, ನೀರು ಕೊಟ್ಟು, ರೆಕಾರ್ಡಿಂಗ್ ಇದೆಯಾ ಎಂದು ಕೇಳಿದರು. ಇಲ್ಲ ಎಂದೆ. ನೋಡ್ತೀವಿ ಎಂದರು.

ಹೇಳಿದಂತೆಯೇ ಹೆಲ್ತ್ ಚೆಕಪ್ ನಡೆಯಿತು. ನಮ್ಮೆಲ್ಲರ ಬಿಪಿ ನೋಡಿದರು. ಅಕ್ಕನ ಕಿವಿಗೆ ಮಾತ್ರ ಯಂತ್ರ ಹಾಕಿ ನೋಡಿದರು. ಅನ್‌ಫಿಟ್ ಎಂದು ಕಳಿಸಿದರು.

ಆಮೇಲೆ ನಮಗೊಂದು ತರಬೇತಿ ಇಟ್ಟಿದ್ದರು. ನಡೆದದ್ದರಿಂದ ಕಟ್ಟಡದವರು ಕಲಿತದ್ದು, ಪಿನ್ನನ್ನು ಹೇಗೆ ಪೂರ್ತಿ ಒತ್ತಬೇಕು, ತಂತಿ ಜಗ್ಗದಂತೆ ಹೇಗೆ ಕ್ಲಿಪ್ ಹಾಕಬೇಕು, ಮ್ಯಾನೇಜರ ಕೋಣೆಗೆ ಹೋಗುವ ಮುನ್ನ ಸೆಟ್ ಹೇಗೆ ಆಫ್ ಮಾಡಬೇಕು ಎನ್ನುವುದನ್ನು. ಹೇಳಿಕೊಟ್ಟವರು ಅದೇ ಸೂಪರ್‌ವೈಸರ್. ಎಲ್ಲರೂ ತಲೆಯಾಡಿಸಿದೆವು.

ಅಕ್ಕ ಈಗ ಬಾಗಲಗುಂಟೆಯ ಒಂದು ಪಿಜಿ ಹಾಸ್ಟೆಲ್ಲಿನಲ್ಲಿ ಅಡುಗೆ ಪಾತ್ರೆ ತೊಳೆಯುತ್ತಾಳೆ. ನನ್ನ ಪಕ್ಕದಲ್ಲಿದ್ದ ಅವಳ ಕೋಣೆಗೆ ಹೊಸಬರು ಬಂದಿದ್ದಾರೆ. ಒಮ್ಮೆ ನೋಡಲು ಹೋದಾಗ, ಅಲ್ಲಿ ಯಾರೂ ಕರೆಯುವುದಿಲ್ಲ, ಪಾತ್ರೆ ತಂದು ಹಾಕಿ ಹೋಗುತ್ತಾರೆ, ಆರಾಮ ಐತಿ ಎಂದಳು. ಆರಾಮ ಇಲ್ಲವೆಂದು ಅವಳ ಕೈ ನೋಡಿದರೆ ಗೊತ್ತಾಗುತ್ತಿತ್ತು. ಬೆರಳ ಸಂದುಗಳು ಒಡೆದು ಬೆಳ್ಳಗಾಗಿದ್ದವು.

ಸೂಪರ್‌ವೈಸರ್ ಬಡ್ತಿ ಪಡೆದು ವೈಟ್‌ಫೀಲ್ಡಿನ ದೊಡ್ಡ ಕ್ಯಾಂಪಸ್ಸಿಗೆ ಹೋದರು. ಹೊರಡುವ ದಿನ ಲಾಬಿಯಲ್ಲಿ ಕೇಕ್ ಕತ್ತರಿಸಿದರು. ನಮ್ಮನ್ನೂ ಸಾಲಾಗಿ ಕರೆದು ಒಂದೊಂದು ತುಂಡು ಕೊಟ್ಟರು. ಬೆಳಗಿನಿಂದ ಏನೂ ತಿಂದಿರಲಿಲ್ಲ. ನಾನೂ ಕೈ ಚಾಚಿ ತೆಗೆದುಕೊಂಡು, ಅವರೆದುರೇ ನಿಂತು ತಿಂದೆ.